ಬಗ್ಗದ ತೊಲೆ

ಕುಬಸದ ಸೀರೆ ಆರಿಸುವಾಗ ಬಾರದ ಮನಸ್ತಾಪ, ಬಸುರಿಯನ್ನು ಎಲ್ಲಿ ಕೂರಿಸಬೇಕು ಎನ್ನುವಾಗ ಬಂತು. ನಾರಾಯಣಗೂಡದ ಆ ಹಳೆಯ ಮನೆಯ ಮಹಡಿಯಲ್ಲಿ ದೊಡ್ಡದೊಂದು ಹಾಲ್ ಇತ್ತು. ಸುಹಾಸಿನಿ ಸೊಸೆಯಾಗಿ ಬಂದಾಗಿನಿಂದ ಮನೆಯ ಸಣ್ಣಪುಟ್ಟ ಶುಭಕಾರ್ಯವೆಲ್ಲ ಅಲ್ಲೇ. ಈಗ ತನ್ನ ಚೊಚ್ಚಲ ಬಸುರಿ ಸೊಸೆ ಅಮಿತಾಳ ಕುಬಸದ ಕಾರ್ಯವೂ ಅಲ್ಲೇ ಆಗಬೇಕು, ಪರಭಾಷೆಯ ಆ ಊರಲ್ಲಿರುವ ಕನ್ನಡದ ಮಂದಿಯೆಲ್ಲ ಬರಬೇಕು ಎಂದು ಆಕೆ ಹಟ ಹಿಡಿದಿದ್ದಳು. ಕರೆಯುವುದೂ ಮುಗಿದಿತ್ತು, ಬೆಳಗಾದರೆ ಕಾರ್ಯ.

“ಅತ್ತಿ, ಮ್ಯಾಲೆ ಅಷ್ಟು ಮಂದಿ ಬ್ಯಾಡ್ರಿ,” ಎಂದಳು ಅಮಿತಾ. ಆಕೆಗೆ ರಕ್ಷಣಾ ಕಾರ್ಖಾನೆಯೊಂದರಲ್ಲಿ ಲೋಹ ಪರೀಕ್ಷಿಸುವ ಕೆಲಸ. “ಆ ನೆಲ ಹೊತ್ತಿರೋದು ಬೀಡು ಕಬ್ಬಿಣದ ತೊಲಿ. ಎಷ್ಟು ಭಾರ ತಡೀತಾವ ಅಂತ ಯಾರೂ ನೋಡಿಲ್ಲ.”

“ನಿಜಾಮನ ಕಾಲದ ಮಾಲು ಅದು,” ಎಂದರು ಮಾವ ಶ್ರೀನಿವಾಸರಾಯರು, ತಾವೇ ಎರಕ ಹೊಯ್ದವರಂತೆ. “ಇವತ್ತಿನ ತನಕ ಕೂದಲೆಳಿಯಷ್ಟು ಬಗ್ಗಿಲ್ಲ.”

“ಅದಕ್ಕೇ ನನಗ ಅಂಜಿಕಿ, ಮಾವಾರ. ಉಕ್ಕಿನ ತೊಲಿ ಆಗಿದ್ರ ಭಾರ ಹೆಚ್ಚಾದಾಗ ಮೊದಲು ಬಗ್ಗತಿತ್ತು, ನಾವು ನೋಡಿ ಹುಷಾರಾಗತಿದ್ವಿ. ಬೀಡು ಬಗ್ಗೂದು ಕಣ್ಣಿಗೆ ಕಾಣೂದೇ ಇಲ್ಲ, ಒಮ್ಮೆಲೆ ಮುರೀತೈತಿ. ಹೋದ ವರ್ಷ ಬೀಡಿನ ದ್ವಾಸಿ ಹಂಚು ಕೈಜಾರಿ ಬಿದ್ದಾಗ ಬಗ್ಗಿತೇನ್ರಿ ಅತ್ತಿ? ಎರಡು ಹೋಳಾತು.”

ಸುಹಾಸಿನಿಗೆ ಕೆಟ್ಟೆನಿಸಿತು. “ಹಂಚಿಗೂ ಮನಿಗೂ ಹೋಲಿಕೀನ? ಮೊದಲ ಮೊಮ್ಮಗು, ನಾಲ್ಕು ಮಂದಿ ಬಂದು ಹರಸಲಿ ಅಂತ ಆಸೆಪಟ್ಟೆ. ನಿನಗ ನಮ್ಮ ಸಂಭ್ರಮ ಬ್ಯಾಡಾಗಿದ್ರ ನೇರ ಹೇಳು.”

“ಯಾರಿಗಾರ ಒಮ್ಮೆ ತೋರಸೋಣಲ್ಲ, ಅವ್ವ,” ಎಂದ ಮಗ ನಚಿಕೇತ.

“ಕಾರ್ಯ ಆಗಲಿ, ಆಮ್ಯಾಲೆ ಬೇಕಾದವರನ್ನ ಕರಸು.”

ಅಮಿತಾ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆ ರಾತ್ರಿ ಆಕೆ ಸರಿಯಾಗಿ ಊಟ ಮಾಡಲಿಲ್ಲ. ಸುಹಾಸಿನಿಗೆ ಅದೂ ಸೊಕ್ಕಾಗಿಯೇ ಕಂಡಿತು.

ಬೆಳಿಗ್ಗೆ ಶಾಮಿಯಾನದ ಆಳುಗಳು ಕುರ್ಚಿ, ದೊಡ್ಡ ಪಾತ್ರೆ, ಅಕ್ಕಿ ಮೂಟೆಗಳನ್ನೆಲ್ಲ ಮಹಡಿಗೆ ಸಾಗಿಸಿದರು. ಕೆಳಗಿನ ಪಡಸಾಲೆಯಲ್ಲಿ ಸುಹಾಸಿನಿ ಸ್ಟೂಲು ಹತ್ತಿ, ನೆತ್ತಿಯ ಮೇಲಿನ ತೊಲೆಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದಳು. ಕುಬಸಕ್ಕೆಂದೇ ಹೋದ ವಾರ ಹೊಡೆಸಿದ ಬಿಳಿ ಬಣ್ಣದಲ್ಲಿ ಕಪ್ಪು ಗೆರೆಯೊಂದು ಕಂಡಿತು. ಕೊಳೆಯಿರಬೇಕೆಂದು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಬೆರಳಾಡಿಸಿದಳು. ಉಗುರು ಸಿಕ್ಕಿಕೊಂಡಿತು.

ತೊಲೆ ಈಗಲೂ ನೆಟ್ಟಗೇ ಇತ್ತು. ಆಕೆಗೆ ಅಡುಗೆಮನೆಯ ನೆಲದ ಮೇಲೆ ಎರಡು ಹೋಳಾಗಿ ಬಿದ್ದ ಹಂಚು ನೆನಪಾಯಿತು. ಮಾಲೆ ಬಿಟ್ಟು ಸ್ಟೂಲಿನಿಂದ ಇಳಿದಳು.

“ಅಮಿತಾ!” ಎಂದು ಕೂಗಿದಳು. ಹಸಿರು ಸೀರೆಯುಟ್ಟು ಬಂದ ಸೊಸೆ ಒಮ್ಮೆ ಮೇಲೆ ನೋಡಿ, ಅತ್ತೆಯ ಕೈ ಹಿಡಿದೆಳೆದುಕೊಂಡು ಅಂಗಳಕ್ಕೆ ನಡೆದಳು. “ಎಲ್ಲಾರೂ ಹೊರಗ ಬರ್ರಿ! ಮ್ಯಾಲಿನವರನ್ನ ಹಿಂದಿನ ಮೆಟ್ಟಲದಿಂದ ಇಳಸ್ರಿ!”

“ಸಾಮಾನ್ ಛೋಡೋ ಭಾಯ್, ಏಕ್ ಏಕ್ ಕರ್ಕೆ ಉತರೋ!” ಎಂದು ನಚಿಕೇತ ಹಿತ್ತಲಿನಿಂದ ಕೂಗಿ ಹೇಳಿದ. ಆಳುಗಳು ಸಾಮಾನು ಅಲ್ಲೇ ಬಿಟ್ಟು ಒಬ್ಬೊಬ್ಬರಾಗಿ ಇಳಿದರು. ಕೊನೆಯ ಆಳು ನೆಲ ಮುಟ್ಟುವವರೆಗೆ ಸುಹಾಸಿನಿ ಸೊಸೆಯ ಕೈ ಬಿಡಲಿಲ್ಲ. ಆಮೇಲೆ ಬೇವಿನ ಮರದ ಕಟ್ಟೆಯ ಮೇಲೆ ಕುಸಿದು ಕೂತು, ಯಾರ ಮುಲಾಜೂ ಇಲ್ಲದೆ ಅತ್ತುಬಿಟ್ಟಳು. ಎಲ್ಲರೂ ಉಳಿದಿದ್ದರು, ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಗೇಟಿನ ಮುಂದೆ ಆಟೋಗಳು ನಿಲ್ಲತೊಡಗಿದವು.

“ಮ್ಯಾಲೆ ಫ್ಯಾನ್ ಕೆಟ್ಟಾವ ಅಂತ ಹೇಳಿಬಿಡು,” ಎಂದು ರಾಯರು ಪಿಸುಗುಟ್ಟಿದರು. “ಮಂದಿ ಮುಂದ ಮರ್ಯಾದಿ ಉಳೀತೈತಿ.”

ಸುಹಾಸಿನಿ ಕಣ್ಣೊರೆಸಿಕೊಂಡು ಗೇಟಿಗೆ ಹೋದಳು. “ಬರ್ರಿ, ಬರ್ರಿ. ಇವತ್ತ ಅಂಗಳದಾಗೇ ಕುಬಸ,” ಎಂದಳು, ಎಲ್ಲರಿಗೂ ಕೇಳುವಂತೆ. “ಮಹಡಿ ತೊಲಿ ಬಿರುಕು ಬಿಟ್ಟೈತಿ. ನಮ್ಮ ಅಮಿತಾ ನಿನ್ನೇನೇ ಹೇಳಿದ್ಲು. ನಾನೇ ಕೇಳಲಿಲ್ಲ.”

ರಾಯರು ತಲೆ ತಗ್ಗಿಸಿದರು. ಹೆಂಗಸರು ಬೇವಿನ ನೆರಳಲ್ಲಿ ಚಾಪೆ ಹಾಸಿದರು, ಪಕ್ಕದ ಮನೆಯವರು ಕುರ್ಚಿ ತಂದುಕೊಟ್ಟರು. ಹಾಡು ಶುರುವಾಯಿತು. ಸೊಸೆಯ ಉಡಿ ತುಂಬಲು ಬಂದ ಸುಹಾಸಿನಿ ಕಟ್ಟೆಯ ಮೇಲೆ ಆಕೆಯ ಸುತ್ತ ಕೂತ ಹೆಂಗಸರನ್ನು ನೋಡಿ ಗಕ್ಕನೆ ನಿಂತಳು.

“ಅಮಿತಾ, ಈ ಕಟ್ಟಿ ತಡೀತೈತಿಲ್ಲ? ನೋಡಿ ಹೇಳವ್ವ.”

ಅಮಿತಾ ಕಟ್ಟೆಯನ್ನು ನಿಜವಾಗಿಯೂ ಬಗ್ಗಿ ನೋಡಿದಳು. “ತಡೀತೈತ್ರಿ ಅತ್ತಿ. ನೀವೂ ಕೂಡ್ರಿ,” ಎಂದು ನಕ್ಕು ಪಕ್ಕಕ್ಕೆ ಸರಿದು ಜಾಗ ಮಾಡಿದಳು.