ನನಗೂ ಒಂದು ತಟ್ಟೆ

ಈರುಳ್ಳಿ ಕಟಾವು ಮುಗಿಯುತ್ತ ಬಂದಿತ್ತು. ಒಣಗಾಳಿಗೆ ಶೆಡ್ಡಿನೊಳಗೆ ಸಿಪ್ಪೆಗಳು ಹಾರಿ ಹೆಂಗಸರ ತಲೆ, ಹುಬ್ಬು, ಚಹಾದ ಲೋಟ ಎಂದು ನೋಡದೆ ಎಲ್ಲೆಂದರಲ್ಲಿ ಕೂರುತ್ತಿದ್ದವು. ಒಂದು ಸಾಲಿನವರು ಒಣಗಿದ ದಂಟು ಕತ್ತರಿಸಿದರೆ ಇನ್ನೊಂದು ಸಾಲಿನವರು ದಪ್ಪ, ಸಣ್ಣ, ಕೊಳೆತದ್ದು ಎಂದು ಆರಿಸಿ ಗೋಣಿಗೆ ತುಂಬುತ್ತಿದ್ದರು. ತುಂಬಿದ ಗೋಣಿಗಳನ್ನು ತೂಗಿ ಬಾಯಿ ಹೊಲಿಸುವುದು ತಕ್ಕಡಿಯಕ್ಕನ ಕೆಲಸ. ವರ್ಷಗಟ್ಟಲೆ ಆ ಧೂಳು ಕುಡಿದು ಅವಳಿಗೊಂದು ಕೆಮ್ಮು ಅಂಟಿಕೊಂಡಿತ್ತು. ಗೋಣಿ ಎತ್ತಿದರೆ ಕೆಮ್ಮು, ಇಳಿಸಿದರೆ ಕೆಮ್ಮು.

ಶೆಡ್ಡಿಗೆ ಸ್ವಲ್ಪ ದೂರದಲ್ಲಿ, ಕೂಲಿಯವರಿಗೆ ಮಧ್ಯಾಹ್ನದ ಊಟ ಬೇಯಿಸುವ ಇಟ್ಟಿಗೆಯ ಅಡುಗೆಮನೆಯಿತ್ತು. ಅಲ್ಲಿನ ಅಡುಗೆಯಜ್ಜಿ ಈ ಸುಗ್ಗಿಗೆ ಸೌಟು ಕೆಳಗಿಡುತ್ತೇನೆಂದು ಹೇಳಿಬಿಟ್ಟಿದ್ದಳು. ಶನಿವಾರ ಹೆಂಗಸರೆಲ್ಲ ಸೇರಿ ಕೈಯೆತ್ತಿ ಹೊಸಬಳನ್ನು ಆರಿಸಬೇಕು. ಧೂಳು ಸುಳಿಯದ ಆ ಕೋಣೆ ತನಗೇ ಎಂದು ತಕ್ಕಡಿಯಕ್ಕ ಮನಸ್ಸಿನಲ್ಲಿ ಆಗಲೇ ಅದಕ್ಕೆ ಸುಣ್ಣ ಬಳಿದು ಮುಗಿಸಿದ್ದಳು. ಆದರೆ ಅವಳ ನಾದಿನಿಯೂ ಅದೇ ಗೋಡೆಗೆ ಬೇರೆ ಬಣ್ಣ ಯೋಚಿಸುತ್ತಿದ್ದಳು.

ಹೋರಾಟವೆಲ್ಲ ಫೋನಿನಲ್ಲಿ. ಹೆಂಗಸರದೊಂದು ಗುಂಪಿತ್ತು, ‘ಇವತ್ತು ರಾತ್ರಿಗೇನು’ ಎಂದು ಅದರ ಹೆಸರು. ಕೆಲಸವಿಲ್ಲದ ತಿಂಗಳುಗಳಲ್ಲಿ ಅದರಲ್ಲಿ ಬೇಯಿಸಿದ ಕಾಳು, ಬ್ರೆಡ್ಡು, ಮೊಟ್ಟೆಯಂಥ ಪ್ರಾಮಾಣಿಕ ಚಿತ್ರಗಳೇ ಬರುತ್ತಿದ್ದವು. ಸುಗ್ಗಿ ಶುರುವಾಗಿ, ಸಂಜೆ ಮನೆಗೆ ಹೋದವರಿಗೆ ಕೈ ಎತ್ತಲೂ ತ್ರಾಣವಿಲ್ಲದಂತಾದಾಗ ಗುಂಪಿನ ಒಲೆಗಳು ಧಗಧಗ ಉರಿಯತೊಡಗಿದವು. ಒಬ್ಬಳು ಮಸಾಲೆ ತುಂಬಿದ ಮೀನು ಹಾಕಿದರೆ ನಾದಿನಿ ಪದರಪದರದ ಕೇಕು. ಪ್ರತಿ ಚಿತ್ರದ ಕೆಳಗೂ ಎಲ್ಲರೂ ‘ನನಗೂ ಒಂದು ತಟ್ಟೆ ಇಡಿ’ ಎಂದು ಬರೆಯುವರು. ಬಡಿಸುವವಳು ‘ಬನ್ನಿ, ಬಾಗಿಲು ತೆಗೆದೇ ಇದೆ’ ಎನ್ನುವಳು. ಹಾಗೆಂದು ಬಾಗಿಲಿಗೆ ಚಿಲಕ ಹಾಕಿ ಎಲ್ಲರೂ ಒಣಬ್ರೆಡ್ಡು ಅಗಿದು ಮಲಗುವರು. ಇದೊಂದು ಮರ್ಯಾದೆ, ಅಷ್ಟೆ.

ಬುಧವಾರ ತಕ್ಕಡಿಯಕ್ಕ ಇಡೀ ಕೋಳಿಯೊಂದನ್ನು ಹಾಕಿದಳು. ಕೆಂಪಗೆ ಹುರಿದ ಚರ್ಮ, ಸುತ್ತಲೂ ಈರುಳ್ಳಿ, ಮೇಲೆ ಮಿರುಗುವ ರಸ. ‘ದಣಿದ ಜೀವಕ್ಕೆ ಹಿತವಾದ ಊಟ. ಸಣ್ಣ ಉರಿಯಲ್ಲಿ ಮೂರು ಗಂಟೆ’ ಎಂದು ಬರೆದಳು. ಪೇಟೆಯ ಹೋಟೆಲಿನಲ್ಲಿ ಅಡುಗೆಗಿದ್ದ ತಂಗಿ ಕಳಿಸಿದ್ದ ಚಿತ್ರ ಅದು.

“ಅತ್ತಿಗೆ, ಈಗಷ್ಟೇ ಕೊನೇ ಗೋಣಿ ತೂಗಿದ್ರಿ. ಮೂರು ಗಂಟೆ ಎಲ್ಲಿಂದ ತಂದ್ರಿ?” ಕೈಗಾಡಿಯ ಹಿಂದೆ ಬರುತ್ತಿದ್ದ ನಾದಿನಿ ಕೇಳಿದಳು.

“ಕೈಚಳಕ ಇದ್ದೋರಿಗೆ ಗಡಿಯಾರ ಕಾಯುತ್ತೆ ಕಣೇ.”

“ಹೌದೌದು. ಅಣ್ಣ ದಿನೇ ದಿನೇ ಸೊರಗ್ತಿರೋದು ನೋಡಿದ್ರೇ ಗೊತ್ತಾಗುತ್ತೆ, ಕೋಳಿ ತಿಂದೂ ತಿಂದೂ.”

ಸಂಜೆ ತಕ್ಕಡಿಯಕ್ಕ ಆಲೂಗಡ್ಡೆ ಬೇಯಿಸಿ, ಜಜ್ಜಿ, ಹುರಿದ ಈರುಳ್ಳಿ ಬೆರೆಸಿ, ಒಂದು ಚಿಟಿಕೆ ಉಪ್ಪು ಹಾಕುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಂಪಣ್ಣ ನಿಂತಿದ್ದ. ಊರಿನ ನೀರೆತ್ತುವ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವನು. ಮಗಳ ಬಾಣಂತನಕ್ಕೆ ಹೋಗುವಾಗ ಅವನ ಹೆಂಡತಿ, ‘ಇದರಲ್ಲಿ ನೋಡ್ಕೊಂಡು ಏನಾದ್ರೂ ಬೇಯಿಸ್ಕೊಳ್ಳಿ’ ಎಂದು ಅವನನ್ನು ಗುಂಪಿಗೆ ಸೇರಿಸಿ ಹೋಗಿದ್ದಳು. ತಲೆ ಬಾಚಿಕೊಂಡು, ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ. ಕೈಯಲ್ಲಿ ತಟ್ಟೆ.

“ಏನಣ್ಣ?”

“ಊಟಕ್ಕೆ ಬಂದೆ ಅಕ್ಕಾ. ಬನ್ನಿ ಅಂದ್ರಲ್ಲ.”

“ಅಂದೆನಾ?”

“ಬಾಗಿಲು ತೆಗೆದೇ ಇದೆ ಅಂದ್ರಿ. ಹಾಕಿತ್ತು, ಅದಕ್ಕೇ ಬಡಿದೆ.”

ಪಂಪಣ್ಣನ ತಲೆ ಅವನ ಯಂತ್ರಗಳಂತೆಯೇ. ಗುಂಡಿ ಒತ್ತಿದರೆ ನೀರು ಬರಬೇಕು. ಬನ್ನಿ ಎಂದರೆ ಬರಬೇಕು. ತಕ್ಕಡಿಯಕ್ಕ ತಿರುಗಿ ಒಲೆಯ ಕಡೆ ನೋಡಿದಳು. ಕೋಳಿಯನ್ನು ನಾಯಿ ಎತ್ತಿಕೊಂಡು ಹೋಯಿತೆನ್ನಲೇ ಎಂದು ಯೋಚಿಸಿದಳು. ಹೊಲದ ಕೂಲಿ ಮುಗಿಸಿ ಬಂದು ಮೂಲೆಯಲ್ಲಿ ಕೂತಿದ್ದ ಗಂಡ ಬಾಯಿಬಿಟ್ಟ.

“ಕೂತ್ಕೊಳಪ್ಪ. ಕೋಳಿ ಗೀಳಿ ಇಲ್ಲ. ನಮ್ಮ ಕೋಳಿಗಳು ಗೂಡಲ್ಲಿ ನಿದ್ದೆ ಮಾಡ್ತಿವೆ, ಎಬ್ಬಿಸಬೇಡ. ಆಲೂಗಡ್ಡೆ ಇದೆ.”

ಪಂಪಣ್ಣ ಬೇಸರಪಡಲಿಲ್ಲ. ಬಡಿಸಿದಷ್ಟನ್ನೂ ತಿಂದ, ಮತ್ತೆ ಬಡಿಸಿಕೊಂಡ, ಪಾತ್ರೆಯ ತಳಕ್ಕೆ ಹತ್ತಿದ್ದನ್ನೂ ಕೆರೆಸಿಕೊಂಡ. ಹೊರಡುವಾಗ, “ನಾಳೆ ನಿಮ್ಮ ನಾದಿನಿ ಮನೆ. ಅವರೂ ಬನ್ನಿ ಅಂದಿದ್ದಾರೆ” ಎಂದ. ಅದನ್ನು ಕೇಳಿದ ಮೇಲೆ ತಕ್ಕಡಿಯಕ್ಕ ಖಾಲಿ ಪಾತ್ರೆಯನ್ನು ಖುಷಿಯಿಂದಲೇ ತೊಳೆದಿಟ್ಟಳು.

ಶನಿವಾರ ಕೆಲಸ ನಿಲ್ಲಿಸಿ ಹೆಂಗಸರೆಲ್ಲ ಖಾಲಿ ಗೋಣಿ ಹಾಸಿಕೊಂಡು ಕುಳಿತರು. ಅಡುಗೆಯಜ್ಜಿ ನಡುವೆ ಕುರ್ಚಿ ಹಾಕಿಸಿಕೊಂಡಿದ್ದಳು. ಪಕ್ಕದ ನೀರಿನ ತೊಟ್ಟಿಯ ಹತ್ತಿರ ಪಂಪಣ್ಣ ಯಂತ್ರ ಬಿಚ್ಚಿ ಹರಡಿದ್ದ.

ನಾದಿನಿ ಎದ್ದು ನಿಂತಳು. “ಪಂಪಣ್ಣ, ಬುಧವಾರ ಅತ್ತಿಗೆ ಮನೆ ಕೋಳಿ ಹೇಗಿತ್ತು, ಎಲ್ರಿಗೂ ಕೇಳೋ ಹಾಗೆ ಹೇಳಿ.”

“ಕೋಳಿ ಇರ್ಲಿಲ್ಲ. ಆಲೂಗಡ್ಡೆ ಇತ್ತು.”

ಶೆಡ್ಡಿನ ತುಂಬ ಕಿಸಕಿಸ. ತಕ್ಕಡಿಯಕ್ಕನಿಗೆ ಸರಿಯಾಗಿ ಆಗಲೇ ಕೆಮ್ಮು ಬಂತು.

“ಕೇಳಿದ್ರಾ? ಇಲ್ಲದ ಕೋಳಿ ಬಡಿಸೋರಿಗೆ ಸೌಟು ಕೊಡ್ತೀರಾ?”

“ನಿಮ್ಮನೇಲಿ ಕೇಕು ಇರ್ಲಿಲ್ಲ” ಎಂದ ಪಂಪಣ್ಣ, ಬೋಲ್ಟು ಒರೆಸುತ್ತ. “ಚಹಾದಲ್ಲಿ ಬ್ರೆಡ್ಡು ಅದ್ದಿ ಕೊಟ್ರಿ. ಬ್ರೆಡ್ಡು ಗಟ್ಟಿ ಇತ್ತು. ನಿನ್ನೆ ಮೀನು ಹಾಕಿದ್ದೋರ ಮನೆಗೆ ಹೋದೆ. ದೀಪ ಆರಿಸಿ ಒಳಗೇ ಕೂತಿದ್ರು, ಮಗು ಕೆಮ್ಮಿದ್ದು ಕೇಳಿಸ್ತು. ಇವತ್ತು ಯಾರ ಮನೆಗೆ ಬರ್ಲಿ?”

ಕಿಸಕಿಸ ನಿಂತುಹೋಯಿತು. ವಿರಾಮದ ಹೊತ್ತಾದರೂ ಹಲವರು ಕೈಗೆ ಸಿಕ್ಕ ಈರುಳ್ಳಿಯನ್ನು ಅತಿ ಶ್ರದ್ಧೆಯಿಂದ ಆರಿಸತೊಡಗಿದರು. ಒಬ್ಬಳು ತನಗೆ ಜ್ವರ ಬರುವಂತಿದೆ ಎಂದಳು. ಇನ್ನೊಬ್ಬಳ ಗ್ಯಾಸು ಆ ಗಳಿಗೆಯಲ್ಲೇ ಮುಗಿಯಿತು.

“ಥೂ ನಿಮ್ಮ!” ಎಂದಳು ಅಡುಗೆಯಜ್ಜಿ. “ಹೊಟ್ಟೆಗಿಲ್ದಿದ್ರೂ ಫೋನಿಗೆ ತುಪ್ಪ. ಸರಿ. ಫೋನಲ್ಲಿ ಇಟ್ಟ ತಟ್ಟೆಗಳನ್ನ ನಾಳೆ ನಿಜವಾಗಿ ಇಡೋರು ಯಾರು? ಅವರದ್ದೇ ಅಡುಗೆಮನೆ.”

ನಾದಿನಿ ಕೂತಳು. ಗುಂಪಿನಲ್ಲಿ ತಾನು ಕರೆದವರನ್ನೆಲ್ಲ ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ತಕ್ಕಡಿಯಕ್ಕ ಎಣಿಸಲಿಲ್ಲ. ಕೆಮ್ಮಿನ ನಡುವೆಯೇ, “ನಾನಿಡ್ತೀನಿ. ಕೋಳೀನೇ. ಎಲ್ರಿಗೂ” ಎಂದಳು.

ಕೈಗಳು ಮೇಲೆದ್ದವು. ಸುಗ್ಗಿಯುದ್ದಕ್ಕೂ ಗೋಣಿಯ ತುದಿ ಹಿಡಿಯಲು ಕರೆದಾಗ ನೋವೆನ್ನುತ್ತಿದ್ದ ಕೈಗಳು, ಆ ದಿನ ಚಾವಣಿಗೆ ತಾಗುವಂತೆ ಎದ್ದವು. ಕೆಲವರು ಎರಡೂ ಎತ್ತಿದರು. ನಾದಿನಿಯದೂ ಎದ್ದಿತು, ಸ್ವಲ್ಪ ಡೊಂಕಾಗಿ.

ಭಾನುವಾರ ತಕ್ಕಡಿಯಕ್ಕನ ಅಂಗಳ ತಟ್ಟೆಗಳಿಂದ ತುಂಬಿಹೋಯಿತು. ಬಂದವರು ಬರಿಗೈಯಲ್ಲಿ ಬಂದಿರಲಿಲ್ಲ, ಮನೆಯವರನ್ನೂ ಕರೆತಂದಿದ್ದರು. ನಾದಿನಿ ತಟ್ಟೆಯ ಜೊತೆಗೆ ಮುಚ್ಚಳವಿರುವ ಡಬ್ಬಿಯೊಂದನ್ನೂ ತಂದು, “ನಮ್ಮೋರಿಗೆ ಕಾಲು ನೋವು ಅತ್ತಿಗೆ, ನಡೆಯಕ್ಕಾಗಲ್ಲ” ಎಂದಳು. ಪಂಪಣ್ಣ ನಿಧಾನವಾಗಿ ತಿಂದು ಬಾಯಿ ಒರೆಸಿಕೊಂಡು, ಬುಧವಾರದ ಆಲೂಗಡ್ಡೆಯೇ ವಾಸಿಯಿತ್ತೆಂದು ತೀರ್ಪು ಕೊಟ್ಟ. ಚಿತ್ರ ತೆಗೆಯಲು ಯಾರಿಗೂ ನೆನಪಾಗಲಿಲ್ಲ, ಎಲ್ಲರ ಬೆರಳುಗಳೂ ಜಿಡ್ಡಾಗಿದ್ದವು.

ಎಲ್ಲರೂ ಹೋದ ಮೇಲೆ ಗಂಡ ಹಿತ್ತಲಿಗೆ ಹೋಗಿ ಖಾಲಿ ಗೂಡಿನ ಮುಂದೆ ನಿಂತ. ಮೊಟ್ಟೆಯಿಂದ ಹೊರಬಂದಾಗಿನಿಂದ ಅವನೇ ಸಾಕಿದ ಕೋಳಿಗಳವು. ಕೇಳಿದ್ದರೆ ಕೊಡುತ್ತಿದ್ದನೇನೋ. ಅವಳು ಕೇಳಿರಲಿಲ್ಲ, ಬೆಳಗಾಗುವ ಮೊದಲೇ ಹಿಡಿದು ತಂದಿದ್ದಳು.

“ರೀ, ಸೋಮವಾರದಿಂದ ಅಡುಗೆಮನೆ ನಂದು” ಎಂದಳು ಬಾಗಿಲಲ್ಲಿ ನಿಂತು. “ಕೆಮ್ಮು ತಾನಾಗೇ ಹೋಗುತ್ತೆ. ಕೋಳೀನ ಮುಂದಿನ ವರ್ಷ ತಂದುಕೊಡ್ತೀನಿ.”

“ಆಯ್ತು” ಎಂದ ಅವನು.

ಕೆಮ್ಮು ಹೋಯಿತು. ಮುಂದಿನ ವರ್ಷ ಬಂತು, ಅದರ ಮುಂದಿನದೂ ಬಂತು, ಕೋಳಿ ಬರಲಿಲ್ಲ. ಮಧ್ಯಾಹ್ನ ಕೂಲಿಯವರ ಸಾಲಿನಲ್ಲಿ ಗಂಡನ ಸರದಿ ಬಂದಾಗ ತಕ್ಕಡಿಯಕ್ಕ ಒಂದು ಸೌಟು ಹೆಚ್ಚು ಹಾಕುತ್ತಿದ್ದಳು. ಅವನು ಅದನ್ನು ಪಾತ್ರೆಗೇ ಮರಳಿ ಸುರಿದು ಮುಂದೆ ಹೋಗುತ್ತಿದ್ದ.