ಎರಡು ಸುತ್ತು ಕೆಂಪು ನೂಲು

“ಒಳಗ ಸಾಯಿ ಹೋಗಬೇ. ಡಾಕ್ಟರ್ ಗಾಡಿ ಬಂತು. ಕೆಮ್ಮಿದಿ ಅಂದ್ರ ಹಲ್ಲ ಉದುರಸ್ತೇನಿ.”

ಕೊಟ್ರೇಶ ಅವಳ ತೋಳು ಹಿಡಿದು ಹಿಂದಿನ ಕೋಣೆಗೆ ನೂಕಿದ. ಹೊರಗಿನಿಂದ ಚಿಲಕ ಬಿತ್ತು. ಹುಚ್ಚವ್ವನ ಕೈಯಲ್ಲಿ ಅರ್ಧ ಸುತ್ತಿದ ಕೆಲಸವಿತ್ತು. ನೂಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು, ಬಿಟ್ಟರೆ ಎಲ್ಲ ಸಡಿಲಾಗುತ್ತದೆ. ಹಾಗೇ ಕಚ್ಚಿಕೊಂಡು ಕತ್ತಲಲ್ಲಿ ಕುಳಿತಳು.

ಗದಗ-ಬೆಟಗೇರಿಯ ಆ ಹಳೇ ಮನೆಯ ಮುಂಭಾಗದಲ್ಲಿ ಕೊಟ್ರೇಶನ ಅಂಗಡಿ. ಗಂಟಲಲ್ಲಿ ಇಳಿಸಿ ಹೊಟ್ಟೆಯೊಳಗೆ ನೋಡುವ ಕ್ಯಾಮೆರಾ ಕೊಳವೆ, ಅಂದರೆ ಎಂಡೋಸ್ಕೋಪು, ಕೆಟ್ಟರೆ ಸುತ್ತಲಿನ ದವಾಖಾನೆಯವರು ಅವನಲ್ಲಿಗೆ ತರುತ್ತಾರೆ. ಗೋಡೆಯ ಮೇಲೆ ಜಪಾನು, ಜರ್ಮನಿ, ಸಿಂಗಾಪುರ ಎಂದು ಬರೆದ ಮೂರು ಗಡಿಯಾರಗಳಿವೆ. ಜರ್ಮನಿಯದು ನಿಂತು ವರ್ಷವಾಯಿತು. ರಿಪೇರಿಯೆಲ್ಲ ಸಿಂಗಾಪುರದಲ್ಲಿ ಆಗುತ್ತದೆ ಎಂದು ಕೊಟ್ರೇಶ ಹೇಳುತ್ತಾನೆ. ಸಿಂಗಾಪುರವೆಂದರೆ ಈ ಹಿಂದಿನ ಕೋಣೆ. ಸಿಂಗಾಪುರದ ಇಂಜಿನಿಯರನೆಂದರೆ ಹುಚ್ಚವ್ವ.

ಕೊಳವೆಯ ತುದಿಯ ನಾಲ್ಕು ಬೆರಳಿನಷ್ಟು ಭಾಗ ಅತ್ತಿತ್ತ ಹೊರಳುತ್ತದೆ. ಅದರ ಮೇಲಿನ ಕಪ್ಪು ರಬ್ಬರು ಹರಿದರೆ ಹೊಸದು ತೊಡಿಸಿ, ಎರಡೂ ಕಡೆ ಕೂದಲಿನಷ್ಟು ಸಣ್ಣ ಕಪ್ಪು ನೂಲನ್ನು ಒತ್ತೊತ್ತಾಗಿ ಸುತ್ತಿ, ಗಂಟು ಕಾಣದಂತೆ ಬಿಗಿದು, ಮೇಲೆ ಗಾಜಿನಂಥ ಅಂಟು ಬಳಿಯಬೇಕು. ನೇಕಾರರ ಮನೆಗಳಲ್ಲಿ ಮೂವತ್ತು ವರ್ಷ ಕೂಲಿಗೆ ಕಂಡಿಕೆಗೆ ನೂಲು ಸುತ್ತಿ, ಹರಿದ ಎಳೆ ಕೂಡಿಸಿದ ಬೆರಳಿಗೆ ಅದೇನು ದೊಡ್ಡ ಕೆಲಸವಲ್ಲ. ಮಗ್ಗಗಳು ಒಂದೊಂದೇ ನಿಂತ ಮೇಲೆ ಕೊಟ್ರೇಶನೇ ಹುಡುಕಿಕೊಂಡು ಬಂದು ಕರೆದಿದ್ದ. ಮೊದಲ ದಿನ ತನ್ನ ಲೋಟದಂಥದೇ ಲೋಟದಲ್ಲಿ ಚಹಾ ಕೊಟ್ಟ. ಯಾವ ಓಣಿಯವಳೆಂದು ತಿಳಿದ ಮೇಲೆ ಅವಳ ಲೋಟ ಕಿಟಕಿಯ ಹೊರಗೆ ಹೋಯಿತು. ಅವಳ ಎಂಜಲು ಹತ್ತಿದ ನೂಲು ಮಾತ್ರ ಸಾಹುಕಾರ, ಪೂಜಾರಿ, ಗೌಡ, ಯಾರ ಗಂಟಲಿಗೂ ಅಡ್ಡಿಯಿಲ್ಲದೆ ಇಳಿಯುತ್ತಿತ್ತು.

ಕೆಲಸ ಏನೆಂದು ಯಾರಿಗೂ ಹೇಳಕೂಡದು. ಓಣಿಯಲ್ಲಿ ಕೇಳಿದರೆ ಅಂಗಡಿಯ ಕಸ ಹೊಡೆಯುತ್ತೇನೆ ಎನ್ನಬೇಕು. ನಾಲ್ಕು ವರ್ಷದಿಂದ ಹಾಗೇ ಅನ್ನುತ್ತಿದ್ದಾಳೆ. ಗಂಡ ಯಮನೂರಪ್ಪ ತೀರಿಹೋದ ಮೇಲೆ ಮನೆಯಲ್ಲಿ ಸುಳ್ಳು ಹೇಳಬೇಕೆಂದರೂ ಯಾರೂ ಇಲ್ಲ.

ಬಾಗಿಲಿನಾಚೆ ಡಾಕ್ಟರ್ ಸುನಿತಾ ಮಾತಾಡುವುದು ಕೇಳಿಸಿತು. “ಸಿಂಗಾಪುರದವರ ಕೆಲಸ ಭಾಳ ನಾಜೂಕ ನೋಡ್ರಿ. ಹೋದ ಸಲ ಎಲ್ಲಿ ಕಟ್ಟ್ಯಾರಂತ ಗೊತ್ತ ಆಗ್ಲಿಲ್ಲ. ಇದನ್ನೂ ಅಲ್ಲೇ ಕಳಸ್ರಿ. ಆದ್ರ ರವಿವಾರ ಮುಂಡರಗ್ಯಾಗ ಕ್ಯಾಂಪ್ ಐತಿ, ಅಷ್ಟರಾಗ ಬೇಕು.”

“ವಿಮಾನದಾಗ ಕಳಿಸಿ ಶುಕ್ರವಾರ ಕೈಯಾಗ ಕೊಡ್ತೇನ್ರಿ ಮೇಡಂ.”

ಹುಚ್ಚವ್ವನಿಗೆ ನಗು ಬಂತು. ನೂಲು ಹಲ್ಲಲ್ಲಿ ಇದ್ದುದರಿಂದ ನಗಲಿಲ್ಲ.

ಡಾಕ್ಟರು ಹೋಗುವ ಲಕ್ಷಣವೇ ಕಾಣಲಿಲ್ಲ. ಇಂಥ ಹೊತ್ತಿನಲ್ಲಿ ಅವಳು ಕೋಣೆಯನ್ನು ಕೈಯಿಂದ ಮುಟ್ಟಿ ನೋಡುತ್ತ ಕೂಡುವುದು ರೂಢಿ. ಬಾಗಿಲಿಗೆ ಒಳಗಡೆಯೂ ಒಂದು ಚಿಲಕವಿತ್ತು, ತುಕ್ಕು ಹಿಡಿದದ್ದು. ಒಮ್ಮೆ ಹೊತ್ತು ಹೋಗದೆ ಅದಕ್ಕೆ ಮಷೀನಿನ ಎಣ್ಣೆ ಬಿಟ್ಟು ಅತ್ತಿತ್ತ ಆಡಿಸಿ ಸಡಿಲು ಮಾಡಿದ್ದಳು. ಹಾಕುವ ಕಾರಣ ಮಾತ್ರ ಎಂದೂ ಬಂದಿರಲಿಲ್ಲ.

ಮರುದಿನ ಡಾಕ್ಟರಮ್ಮ ಬಿಟ್ಟುಹೋದ ಕೊಳವೆಗೆ ಹೊಸ ರಬ್ಬರು ತೊಡಿಸಿ, ಸದ್ಯಕ್ಕೆ ದಾರ ಬಿಗಿದು, ಪೂರಾ ಕಟ್ಟುವ ಮುಂಚೆ ಪರೀಕ್ಷೆಗೆ ಕುಳಿತಳು. ಕೊಳವೆಗೆ ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಮುಳುಗಿಸುವುದು, ಸೈಕಲ್ ಅಂಗಡಿಯವನು ಪಂಕ್ಚರ್ ಹುಡುಕಿದ ಹಾಗೆಯೇ. ರಬ್ಬರಿನ ಕಡೆ ನೀರು ಅಲುಗಲಿಲ್ಲ. ಆದರೆ ಒಳಗಿನ ಸಣ್ಣ ನಳಿಕೆ ತುದಿಯಲ್ಲಿ ತೆರೆಯುವ ಬಾಯಿಂದ ಗುಳ್ಳೆ ಎದ್ದಿತು. ಒಂದು, ಮತ್ತೊಂದು, ಆಮೇಲೆ ಸಾಲಾಗಿ. ಒರೆಸಿ ಮತ್ತೆ ಮುಳುಗಿಸಿದಳು. ಮತ್ತೆ ಅದೇ.

“ಸಾಹುಕಾರ್ರ, ಒಳಗಿನ ನಳಿಗಿ ತೂತ ಬಿದ್ದೈತ್ರಿ.”

“ಬೀಳ್ಲಿ. ನೀ ಮ್ಯಾಲ ಕಟ್ಟ.”

“ಮಂದಿ ಹೊಟ್ಟ್ಯಾಗಿನ ಹೊಲಸು ಆ ತೂತಿನ್ಯಾಗ ಹೋಗಿ ಕುಂಡ್ರತೈತ್ರಿ. ಎಷ್ಟ ತೊಳದ್ರೂ ಹೋಗಂಗಿಲ್ಲ. ಒಬ್ಬರ ರೋಗ ಇನ್ನೊಬ್ಬರಿಗೆ...”

“ಯಾವ ಕಾಲೇಜಿನ್ಯಾಗ ಕಲತಿಬೇ ಇದನ್ನ?” ಕೊಟ್ರೇಶ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. “ಸೂಳಿಮಗಳ, ಕಟ್ಟ ಅಂದ್ರ ಕಟ್ಟಬೇಕು. ಒಳಗಿನ ನಳಿಗಿ ಬದಲಿ ಮಾಡಬೇಕಂದ್ರ ಖರೇನ ಸಿಂಗಾಪುರಕ್ಕ ಕಳಸಬೇಕಾಗತೈತಿ.”

ಅವಳು ನೂಲಿನ ಉಂಡೆ ಎತ್ತಿಕೊಂಡಳು. ಕೈ ಏಳಲಿಲ್ಲ.

ಆರು ವರ್ಷದ ಹಿಂದೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಯಮನೂರಪ್ಪ ಎಡ ಮಗ್ಗುಲಾಗಿ ಮಲಗಿದ್ದ. ಡಾಕ್ಟರು ಗೋಡೆಯ ಕಡೆ ತಿರುಗಿ ಕೈಗವಸು ಹಾಕಿಕೊಳ್ಳುತ್ತಿದ್ದರು. ಯಮನೂರಪ್ಪ ಕೊಳವೆಯನ್ನು ನೋಡಿದ. ಅವಳ ಸೆರಗು ಜಗ್ಗಿ ಸಣ್ಣ ದನಿಯಲ್ಲಿ, “ತೊಳದಾರೇನ ಕೇಳಬೇ,” ಅಂದ. ಹುಚ್ಚವ್ವ ಡಾಕ್ಟರರ ಬೆನ್ನು ನೋಡಿದಳು, ಗೋಡೆಯ ಹೊಳೆಯುವ ಬಿಳಿ ಕಲ್ಲು ನೋಡಿದಳು. ಬಾಯಿ ಬರಲಿಲ್ಲ. “ತೊಳದಾರಂತ,” ಎಂದು ಗಂಡನಿಗೆ ಸುಳ್ಳು ಹೇಳಿದಳು. ಅವನು ನಂಬಿ ಬಾಯಿ ತೆರೆದ.

ಅವನು ಸತ್ತದ್ದು ಕೊಳವೆಯಿಂದಲ್ಲ. ಕ್ಯಾನ್ಸರು ಆಗಲೇ ಹೊಟ್ಟೆಯ ತುಂಬ ಇತ್ತು. ಬಹುಶಃ ಕೊಳವೆಯನ್ನು ತೊಳೆದೂ ಇದ್ದರು. ಆದರೆ ಆ ಮನುಷ್ಯ ಬದುಕಿನಲ್ಲಿ ಹೆಂಡತಿಗೆ ಹೇಳಿದ ಕಡೆಯ ಕೆಲಸ ಅದು, ಅದನ್ನವಳು ಮಾಡಲಿಲ್ಲ. ಅದು ಅವಳ ಎದೆಯಲ್ಲಿ ಇನ್ನೂ ಹಾಗೇ ಕೂತಿದೆ. ಹೇಳಿಕೊಂಡು ಹಗುರಾಗೋಣವೆಂದರೆ ಕೇಳುವವರೂ ಇಲ್ಲ.

ರವಿವಾರ ಮುಂಡರಗಿಯ ಕ್ಯಾಂಪಿನಲ್ಲಿ ಮಲಗುವವರ ಮಗ್ಗುಲಿಗೂ ಒಬ್ಬೊಬ್ಬ ಹೆಂಗಸು ನಿಂತಿರುತ್ತಾಳೆ, ತನ್ನ ಹಾಗೆಯೇ ಬಾಯಿಲ್ಲದವಳು, ಎಂದು ಅವಳಿಗೆ ಅನಿಸಿತು. ಡಾಕ್ಟರಮ್ಮನಿಗೆ ತಿಳಿಸಬೇಕು. ಹೇಗೆ? ಅವರು ಬಂದಾಗಲೆಲ್ಲ ತಾನು ಚಿಲಕದ ಹಿಂದೆ. ಬರೆಯಲು ಬಾರದು.

ಅವಳ ತಗಡಿನ ಡಬ್ಬಿಯಲ್ಲಿ ಕೆಂಪು ರೇಷ್ಮೆಯ ಒಂದು ಕಂಡಿಕೆ ಉಳಿದಿತ್ತು, ಕಡೆಯ ಸಲ ಸೀರೆಯ ಸೆರಗಿಗೆ ಸುತ್ತಿದ್ದು. ರಬ್ಬರಿನ ಹಿಂದಿನ ಕಡೆ ಮಾತ್ರ ಕಪ್ಪು ನೂಲು ಸುತ್ತಿ ಬದಿಗಿಟ್ಟಳು. ತುದಿಗೆ ಎರಡು ಸುತ್ತು ಕೆಂಪು ನೂಲು ಬಿಗಿದಳು. ಮೇಲೆ ಅಂಟು ಬಳಿದಾಗ ಅದು ಇನ್ನಷ್ಟು ಹೊಳೆಯಿತು. ಕೊಟ್ರೇಶನಿಗೆ ಕೊಳವೆ ಮಡಚಲು ಬರುವುದಿಲ್ಲ, ಪೆಟ್ಟಿಗೆ ತುಂಬುವವಳೂ ಅವಳೇ. ಶುಕ್ರವಾರ ಅವನು ಮುಚ್ಚಿದ ಪೆಟ್ಟಿಗೆಯ ಮೇಲೆ ಸಿಂಗಾಪುರದ ಚೀಟಿ ಅಂಟಿಸಿ ಕಳಿಸಿದ.

ಶನಿವಾರ ಮಧ್ಯಾಹ್ನ ಡಾಕ್ಟರ ಗಾಡಿ ಮತ್ತೆ ಬಂತು.

“ಒಳಗ ನಡಿಬೇ,” ಕೊಟ್ರೇಶ ಪಿಸುಗುಟ್ಟಿದ. ಹುಚ್ಚವ್ವ ಏಳಲಿಲ್ಲ. ತೋಳಿಗೆ ಕೈ ಹಾಕುವಷ್ಟರಲ್ಲಿ ಸುನಿತಾ ಮೇಡಂ ಪೆಟ್ಟಿಗೆ ಹಿಡಿದು ಒಳಗೇ ಬಂದರು.

“ಏನ್ರಿ ಇದು? ಸಿಂಗಾಪುರದವರು ಕೆಂಪು ದಾರ ಸುತ್ತ್ಯಾರ?”

“ಅದು ಹೊಸಾ ಮಾಡಲ್ ರೀ ಮೇಡಂ.”

“ನಾ ಸುತ್ತೇನ್ರಿ,” ಹುಚ್ಚವ್ವ ಅಂದಳು. ತನ್ನ ದನಿ ತನಗೇ ಹೊಸದೆನಿಸಿತು. “ನೀವು ಬಂದು ಕೇಳ್ಲಿ ಅಂತ ಸುತ್ತಿದೆ. ನೋಡ್ರಿ ಇಲ್ಲೆ.”

ಕೊಟ್ರೇಶ ಬಾಯಿ ತೆರೆಯುವ ಮುಂಚೆ ಕೊಳವೆ ಇಸಿದುಕೊಂಡು, ಗಾಳಿ ತುಂಬಿ, ಬೋಗುಣಿಯಲ್ಲಿ ಮುಳುಗಿಸಿದಳು. ಮೂವರೂ ಬಾಗಿ ನೋಡಿದರು. ಗುಳ್ಳೆಗಳು ಸಾಲಾಗಿ ಎದ್ದವು.

ಡಾಕ್ಟರು ತಾವೇ ಕೊಳವೆಯನ್ನು ಎತ್ತಿ ಇನ್ನೊಮ್ಮೆ ಮುಳುಗಿಸಿ ನೋಡಿದರು. ಆಮೇಲೆ ಕೊಟ್ರೇಶನ ಕಡೆ ತಿರುಗಿದರು.

“ಇಷ್ಟ ದಿನ ಈಕಿನ ಕಟ್ಟತಿದ್ಲೇನು?”

“ಮೇಡಂ, ಅದು ಹೆಂಗಂದ್ರ...”

“ಇರ್ಲಿ. ಕೈ ಛಲೋ ಐತಿ ಈಕೀದು.” ಕೈಗಡಿಯಾರ ನೋಡಿಕೊಂಡರು. “ನಾಳಿಗೆ ನಲವತ್ತು ಮಂದಿ ಹೆಸರು ಬರಸ್ಯಾರ. ಪೆಂಡಾಲ್ ಹಾಕ್ಯಾರ, ಬ್ಯಾನರ್ ಆಗ್ಯಾವು. ಬ್ಯಾರೆದ್ದ ಎಲ್ಲಿಂದ ತರ್ಲಿ ಈಗ? ಕ್ಯಾಂಪ್ ಮುಗೀಲಿ, ಆಮ್ಯಾಲ ನೋಡೋಣು. ಸದ್ಯ ಕರೀ ದಾರ ಸುತ್ತಿಸಿಕೊಡ್ರಿ. ಕೆಂಪು ಕಂಡ್ರ ಮಂದಿ ಹೆದರ್ತಾರ.”

ನಾಲ್ಕು ವರ್ಷದಲ್ಲಿ ಅವಳ ಕೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

“ಬಾಯಾರ,” ಹುಚ್ಚವ್ವ ಡಾಕ್ಟರರಿಗೆ ಅಂದಳು, “ನಾಳಿ ಯಾರರ ಇದನ್ನ ತೊಳದೀರೇನಂತ ಕೇಳಿದ್ರ ಏನ್ ಹೇಳ್ತೀರಿ?”

“ಯಾರೂ ಕೇಳಂಗಿಲ್ಲ,” ಅಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿದ್ದುದನ್ನು ಹೇಳಿದ ಹಾಗಿತ್ತು.

ಹುಚ್ಚವ್ವ ಸಣ್ಣ ಕತ್ತರಿ ತೆಗೆದುಕೊಂಡು ಕೆಂಪು ಸುತ್ತುಗಳನ್ನು ಕತ್ತರಿಸಿದಳು. ಹಿಂದಿನ ಕಡೆಯ ಕಪ್ಪು ಕಟ್ಟನ್ನೂ ಕತ್ತರಿಸಿದಳು. ರಬ್ಬರನ್ನು ಸುಲಿದು ತೆಗೆದಳು. ಮೀನಿನ ಮುಳ್ಳಿನಂತೆ ಒಳಗಿನ ಲೋಹದ ಕೀಲುಗಳು ಬಯಲಾದವು.

“ನಾ ಕಟ್ಟಿದ್ದು. ನಾನ ಬಿಚ್ಚೇನಿ.”

ಕೊಟ್ರೇಶನ ಏಟಿಗೆ ಅವಳ ಕಿವಿ ಗುಂಯ್ ಎಂದಿತು. ಅವಳನ್ನು ದರದರ ಎಳೆದು ಕೋಣೆಗೆ ನೂಕಿದ. ಕೊಳವೆ, ಹೊಸ ರಬ್ಬರು, ಕಪ್ಪು ನೂಲು, ಬ್ಯಾಟರಿ ದೀಪ, ಎಲ್ಲವನ್ನೂ ಅವಳ ಮುಂದೆ ಇಟ್ಟ.

“ಕಟ್ಟೂತನಾ ಬಾಗಲಾ ತಗ್ಯಂಗಿಲ್ಲ, ನಿನ್ನೌನ. ಅಲ್ಲೇ ಬಿದ್ದ ಸಾಯಿ.”

ಡಾಕ್ಟರು ಗೋಡೆಯ ಮೇಲಿನ ಗಡಿಯಾರಗಳನ್ನು ನೋಡುತ್ತ ನಿಂತಿದ್ದರು. ಚಿಲಕ ಬಿತ್ತು.

ಕಟ್ಟಲು ಗದಗಿನಲ್ಲಿ ಬೇರೆ ಯಾರೂ ಇಲ್ಲವೆಂದು ಕೊಟ್ರೇಶನಿಗೂ ಗೊತ್ತು, ಅವಳಿಗೂ ಗೊತ್ತು. ಹೊರಗೆ ಮೇಡಂಗೆ ಚಹಾ ಹೇಳುತ್ತಿದ್ದ. ಎರಡು ಮನೆಯಾಚೆ ಉಳಿದಿದ್ದ ಒಂದೇ ಮಗ್ಗದ ಲಟಪಟ ಕೇಳುತ್ತಿತ್ತು. ಸಂಜೆಗೆ ಮನೆಗೆ ಹೋಗದಿದ್ದರೆ ತನ್ನನ್ನು ಯಾರು ಹುಡುಕಿಯಾರು ಎಂದು ಯೋಚಿಸಿದಳು. ಒಬ್ಬರ ಹೆಸರೂ ನೆನಪಾಗಲಿಲ್ಲ. ಆಗ ಅವಳಿಗೆ ಅಳು ಬಂತು. ಸ್ವಲ್ಪ ಹೊತ್ತು ಅತ್ತಳು.

ಆಮೇಲೆ ಎದ್ದು, ದೀಪ ಹಚ್ಚದೆ, ಕತ್ತಲಲ್ಲಿ ತಡಕಾಡಿ ಒಳಗಿನ ಚಿಲಕ ಹಾಕಿದಳು. ಎಣ್ಣೆ ಕುಡಿದ ಕಬ್ಬಿಣ ಒಂದೇ ಸಲಕ್ಕೆ ಕೂತಿತು.

ಹೊರಗೆ ಮಾತು ನಿಂತಿತು.

“ಏ ಹುಚ್ಚವ್ವಾ, ಏನ್ ಮಾಡಾಕತ್ತಿ ಒಳಗ?”

ಅವಳು ಕಪ್ಪು ನೂಲನ್ನು ಮುಟ್ಟಲಿಲ್ಲ. ಬತ್ತಲೆ ಕೊಳವೆಯನ್ನು ಎಂದಿನಂತೆ ನಾಜೂಕಾಗಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಹೊರಗಿನ ಚಿಲಕ ತೆಗೆದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ. ಒಂದೊಂದು ಗುದ್ದೂ ಅವಳ ಬೆನ್ನಿಗೆ ತಾಕುತ್ತಿತ್ತು. ರವಿವಾರ ಬರಲು ಇನ್ನೂ ಅರ್ಧ ಹಗಲು, ಒಂದು ರಾತ್ರಿ ಇತ್ತು.