ಮೊದಲು ಜ್ವರ ಬಂದ ಮನೆ

ಚರ್ಚೆಯ ಬ್ಯಾನರಿನಲ್ಲೇ ಉತ್ತರ ಬರೆದಿತ್ತು: ‘ಜ್ವರದ ಮೂಲ ನಮ್ಮ ಮನೆಯ ನಿಂತ ನೀರು’.

“ಹಂಗಾರ ಚರ್ಚಾ ಯಾತಕ್ಕ್ರೀ ಸರ?” ಎಂದು ಅಂಜನಾ ಕೇಳಿದಳು. ಆಕೆ ಊರಿನ ಹೈಸ್ಕೂಲ್ ಟೀಚರ್. ಧ್ವನಿ ಚೆನ್ನಾಗಿದೆಯೆಂದು ನಿರೂಪಣೆ ಅವಳ ತಲೆಗೆ ಬಂದಿತ್ತು.

“ಮಂದಿಗಿ ಮಾತಾಡಿದ ಸಮಾಧಾನ ಆಗಬೇಕಲ್ರೀ ಮೇಡಂ,” ಎಂದರು ಮೇಲಿನಿಂದ ಬಂದಿದ್ದ ಅಧಿಕಾರಿ. “ಕೇಬಲ್ ಟಿವಿಯವ್ರು ಬರ್ತಾರ. ಮೈಕ್ ಮುಂದಿನ ಸಾಲಿಗಷ್ಟ ಕೊಡ್ರಿ. ಕಾಲುವಿ ಕೆಲಸದ ಮಾತು ಬ್ಯಾಡ.”

ಅದು ಎರಡು ಸಾವಿರದ ಆರನೆಯ ಇಸವಿ. ಬನಹಟ್ಟಿ, ಚಿಮ್ಮಡ, ಜಮಖಂಡಿ, ಎಲ್ಲಿ ನೋಡಿದರೂ ಚಿಕುನ್‌ಗುನ್ಯಾ ಬಡಿದ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಎಲ್ಲಿಂದ ಬಂತು ಎಂದರೆ ಸರ್ಕಾರದವರು ಅಂಜನಾಳ ನೇಕಾರ ಓಣಿಯನ್ನು ತೋರಿಸಿದರು. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಅಲ್ಲಿ, ನೂಲಿಗೆ ಬಣ್ಣ ಹಾಕಲು ಮನೆಮನೆಗೂ ಸಿಮೆಂಟಿನ ಟಾಕಿ ಇತ್ತು. ಚರ್ಚೆಯ ಮರುದಿನವೇ ಅವುಗಳಿಗೆ ಮಣ್ಣು ತುಂಬುವುದೆಂದು ಮೊದಲೇ ತೀರ್ಮಾನವಾಗಿತ್ತು.

ಆದರೆ ಓಣಿಯಲ್ಲಿ ಮೊದಲು ಮಲಗಿದವನು ಅಂಜನಾಳ ಗಂಡ ಪರಮಾನಂದ. ಬೀಳಗಿ ಕಡೆಯ ಕಾಲುವೆ ಕೆಲಸದಲ್ಲಿ ಮೇಲ್ವಿಚಾರಕ, ಇನ್ನೂ ಕಾಯಂ ಆಗದವನು. ಅಲ್ಲಿ ಅರ್ಧ ತೋಡಿಬಿಟ್ಟ ಗುಂಡಿಗಳಲ್ಲಿ ನೀರು ನಿಂತು, ಶೆಡ್ಡಿನ ಕೂಲಿಗಳೆಲ್ಲ ಮಲಗಿದ್ದರು. “ಜ್ವರ ಅಂತ ಊರಾಗ ಬಾಯಿ ಬಿಟ್ರ ಕಾಯಂ ಮಾತು ಮರ್ತಬಿಡು,” ಎಂದು ಹೇಳಿ ಎಂಜಿನಿಯರ್ ಅವನನ್ನು ಮನೆಗೆ ಕಳಿಸಿದ್ದ.

ಹಾಗಾಗಿ ಗಂಡ ಬೈಕಿನಿಂದ ಬಿದ್ದನೆಂದು ಅಂಜನಾ ಹೇಳಿದಳು. ತಪ್ಪಾದದ್ದು ಅಲ್ಲೇ. ಜ್ವರವೆಂದಿದ್ದರೆ ಜನ ಬಾಗಿಲಲ್ಲೇ ಮಾತಾಡಿಸಿ ಹೋಗುತ್ತಿದ್ದರು. ಬಿದ್ದು ಪೆಟ್ಟಾದವನನ್ನು ಮೈಮುಟ್ಟಿ ನೋಡದೆ ಹೋಗುವ ಪದ್ಧತಿ ಆ ಓಣಿಯಲ್ಲಿಲ್ಲ. ಎಣ್ಣೆ ಬಿಸಿ ಮಾಡಿಕೊಂಡು ಬಂದರು, ಮೈ ಸುಡುವುದನ್ನು ಪೆಟ್ಟಿನ ಕಾವೆಂದುಕೊಂಡರು, ಸೊಳ್ಳೆ ಹೊಡೆದುಕೊಳ್ಳುತ್ತ ತಾಸುಗಟ್ಟಲೆ ಕೂತರು. ಎದುರುಮನೆಯ ಲಗಮವ್ವ ದಿನಾ ಕಾಲು ತಿಕ್ಕಿದಳು.

“ಎಂಥಾದ್ ಬಿದ್ದೀಯೋ ತಮ್ಮಾ! ರಸ್ತಾಕ್ಕೇನೂ ಆಗಿಲ್ಲಲ್ಲ?” ಎಂದು ನಗಿಸಿದಳು.

ಆಮೇಲೆ ಲಗಮವ್ವ ಮಲಗಿದಳು. ಅವಳ ಹಿಂದೆ, ಬಂದು ಕೂತು ಹೋದವರೆಲ್ಲ.

ಚರ್ಚೆಯ ದಿನ ಮುಂದಿನ ಸಾಲಿನವರು ಜನರಿಗೆ ಸ್ವಚ್ಛತೆಯ ಅರಿವು ಯಾವಾಗ ಬರುತ್ತದೆಂದು ಕೇಳಿದರು. ಅಧಿಕಾರಿ ತಲೆಯಾಡಿಸುತ್ತ ಉತ್ತರಿಸಿದರು. ಅಷ್ಟರಲ್ಲಿ ಹಿಂದುಗಡೆ ಲಗಮವ್ವ ಗೋಡೆ ಹಿಡಿದು ಎದ್ದಳು.

“ಮೈಕ್ ಬ್ಯಾಡ, ನನಗ ಗಂಟಲ ಐತಿ. ನಮ್ಮ ಟಾಕಿ ನಮ್ಮತ್ತಿ ಕಾಲದ್ದರೀ. ಆವಾಗಿಲ್ಲದ ಜಡ್ಡು ಈಗ್ಯಾಕ ಬಂತು? ಮೊದಲ ಯಾರ ಮನಿಗಿ ಬಂತು, ಅವ್ರು ಎಲ್ಲಿಗಿ ಹೋಗಿ ಬಂದಿದ್ರು, ಅದನ್ನ ಕೇಳ್ರಿ. ಅಕ್ಕಾರ, ನೀವು ನಮ್ಮ ಓಣ್ಯಾವ್ರು. ನೀವ ಹೇಳ್ರಿ.”

ಸಭೆಯೆಲ್ಲ ಅಂಜನಾಳತ್ತ ತಿರುಗಿತು. ಮೂರನೆಯ ಸಾಲಿನಲ್ಲಿ ಎಂಜಿನಿಯರನ ಪಕ್ಕ ಪರಮಾನಂದ ಬಾತ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

“ಇದನ್ನು ಕೊನೆಗೆ ತೆಗೆದುಕೊಳ್ಳೋಣ,” ಎಂದಳು ಅಂಜನಾ.

ಕೊನೆಗೆ ಬಂದದ್ದು ವಂದನಾರ್ಪಣೆ.

ಮರುದಿನ ಓಣಿಗೆ ಮಣ್ಣಿನ ಟ್ರ್ಯಾಕ್ಟರ್ ಬಂತು. ಲಗಮವ್ವ ತನ್ನ ಟಾಕಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

“ತಡೀರೋ. ಅಕ್ಕಾರು ಕೊನಿಗೆ ತಗೋತೀನಿ ಅಂದಾರ.”

“ಆಯೀ, ಟಿವ್ಯಾಗ ಎಲ್ಲಾ ತೋರಿಸಿ ಮುಗಿಸ್ಯಾರ,” ಎಂದು ಮಣ್ಣಿನಾಳುಗಳ ಮುಕದ್ದಮ ನಕ್ಕ. “ನೀ ಎದ್ದು ನಿಂತದ್ದ ಅದರಾಗಿಲ್ಲ.”

ಒಳಗೆ ಪರಮಾನಂದ ಹೆಂಡತಿಯ ಮುಂಗೈ ಹಿಡಿದ. “ಹೋಗಬ್ಯಾಡ. ಮುಂದಿನ ತಿಂಗಳ ಆರ್ಡರ್ ಬರತೈತಿ.” ಅವನ ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಅಂಜನಾ ಎಳೆಯಬೇಕಾಗಲಿಲ್ಲ, ಕೈ ತಾನೇ ಜಾರಿತು.

“ಮೊದಲ ಬಂದದ್ದು ನಮ್ಮನಿಗಿ,” ಎಂದಳು ಓಣಿಗೆ ಬಂದು. “ಇವ್ರು ಬಿದ್ದಿರಲಿಲ್ಲ. ಕಾಲುವಿ ಕೆಲಸದಾಗ ಜ್ವರ ಹತ್ತಿಸ್ಕೊಂಡು ಬಂದಿದ್ರು.”

ಮುಕದ್ದಮ ಬುಟ್ಟಿ ಎತ್ತಿಕೊಂಡ. “ನನಗ್ಯಾಕ ಹೇಳ್ತೀರಿ ಅಕ್ಕಾರ? ನಾ ಮಣ್ಣ ಹಾಕಾಂವ.”

ಲಗಮವ್ವ ಅವಳನ್ನು ಒಂದು ಸಲ ನೋಡಿದಳು. ಕಟ್ಟೆಯಿಂದಿಳಿದು ಟಾಕಿಗೆ ಬಾಗಿ, ಕೆಂಪು ನೀರು ಸುರಿಯುವ ನೂಲಿನ ಲಡಿಗಳನ್ನು ಎತ್ತಿ ಅಂಜನಾಳ ಎರಡೂ ಕೈಗೆ ಹೇರಿದಳು. “ನೆಲಕ್ಕ ಇಡಬ್ಯಾಡ್ರಿ, ಮಣ್ಣಾಕ್ಕಾವ,” ಎಂದು ಉಳಿದವನ್ನು ತರಲು ಮತ್ತೆ ಬಾಗಿದಳು.

ಮೊದಲ ಬುಟ್ಟಿ ಬಿತ್ತು. ಬಾಗಿಲಲ್ಲಿ ಗಂಡ, ಎದುರಿಗೆ ಓಣಿ. ಅಂಜನಾ ಕೈಚಾಚಿಕೊಂಡು ನಡುವೆ ನಿಂತೇ ಇದ್ದಳು.